ಪಿರವಿ

ಪಿರವಿ: ಕಾಣೆಯಾದ ಮಗನ ದಾರಿ ಕಾಯುವ ತಂದೆಯ ಕಥೆ ಹೇಳುವ ಮಲಯಾಳಂ ಚಲನಚಿತ್ರ (1988). ಹೆಸರಿಗೆ ‘ಹುಟ್ಟು’ ಎಂದರ್ಥ. ನಿರ್ದೇಶಕ ಜಿ. ಅರವಿಂದನ್ ಅವರ ಚಿತ್ರಗಳ ಛಾಯಾಗ್ರಾಹಕರಾಗಿ ಹೆಸರು ಮಾಡಿದ್ದ ಶಾಜಿ ಎನ್. ಕರುಣ್ (1952–2025) ನಿರ್ದೇಶಿಸಿದ ಮೊದಲ ಕಥಾಚಿತ್ರವಿದು.

ವೃದ್ಧ ರಾಘವ ಚಾಕ್ಯಾರರಿಗೆ ಇಳಿವಯಸ್ಸಿನಲ್ಲಿ ಹುಟ್ಟಿದ ಮಗ ರಘು. ದೂರದ ಊರಿನಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಅವನು ಅಕ್ಕ ಮಾಲತಿಯ ನಿಶ್ಚಿತಾರ್ಥಕ್ಕೆ ಬರಬೇಕಿತ್ತು, ಬರುವುದಿಲ್ಲ. ಮುದುಕ ದಿನವೂ ದೋಣಿಯಲ್ಲಿ ಹೊಳೆ ದಾಟಿ ಬಸ್ ನಿಲ್ದಾಣಕ್ಕೆ ಹೋಗುತ್ತಾರೆ, ಕಡೆಯ ಬಸ್ಸೂ ಹೋದ ಮೇಲೆ ಮರಳುತ್ತಾರೆ. ಮಗನನ್ನು ಪೊಲೀಸರು ಹಿಡಿದಿದ್ದಾರೆಂದು ತಿಳಿದಾಗ ತಿರುವನಂತಪುರಕ್ಕೆ ಹೋಗಿ ಮಂತ್ರಿಯನ್ನೂ ಪೊಲೀಸ್ ಅಧಿಕಾರಿಯನ್ನೂ ಕಾಣುತ್ತಾರೆ. ಅಂಥವನನ್ನು ಹಿಡಿದೇ ಇಲ್ಲವೆಂಬ ಉತ್ತರ ಸಿಗುತ್ತದೆ. ರಘು ಉಳಿದಿಲ್ಲವೆಂಬುದು ಅವನ ಗೆಳೆಯರಿಂದ ಮಾಲತಿಗೆ ಗೊತ್ತಾಗುತ್ತದೆ. ಅದನ್ನು ಅಪ್ಪನಿಗೆ ಹೇಳಲು ಅವಳಿಗೆ ಬಾಯಿ ಬರುವುದಿಲ್ಲ. ಅಪ್ಪ ನಿಧಾನವಾಗಿ ತನ್ನದೇ ಭ್ರಮೆಯೊಳಗೆ ಇಳಿಯುತ್ತಾರೆ.

ಚಿತ್ರದ ಹಿಂದಿರುವುದು ತುರ್ತುಪರಿಸ್ಥಿತಿಯ ಕಾಲದ ರಾಜನ್ ಪ್ರಕರಣ. ಕೋಯಿಕ್ಕೋಡಿನ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿ ಪಿ. ರಾಜನ್ ಅವರನ್ನು 1976ರ ಮಾರ್ಚ್ 1ರಂದು ಪೊಲೀಸರು ಹಿಡಿದು ಕಕ್ಕಯಂನ ತಮ್ಮ ಶಿಬಿರಕ್ಕೆ ಒಯ್ದರು. ಆಮೇಲೆ ಅವರ ಶವವೂ ಸಿಗಲಿಲ್ಲ. ಹಿಂದಿ ಪ್ರಾಧ್ಯಾಪಕರಾಗಿದ್ದ ತಂದೆ ಟಿ. ವಿ. ಈಚರ ವಾರಿಯರ್ 1977ರಲ್ಲಿ ಕೇರಳ ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು. ಬಂಧನದ ವೇಳೆ ರಾಜ್ಯದ ಗೃಹಮಂತ್ರಿಯಾಗಿದ್ದು ಆಮೇಲೆ ಮುಖ್ಯಮಂತ್ರಿಯಾದ ಕೆ. ಕರುಣಾಕರನ್, ಈ ಪ್ರಕರಣದಿಂದಾಗಿ 1977ರಲ್ಲೇ ಆ ಪದವಿ ಬಿಡಬೇಕಾಯಿತು. ಮಗನ ಸಾವನ್ನು ವಾರಿಯರ್ ತಮ್ಮ ಹೆಂಡತಿಯಿಂದ ಮುಚ್ಚಿಟ್ಟಿದ್ದರು. ಆಕೆ ಕೊನೆಯವರೆಗೂ ಮಗನನ್ನು ಕೇಳುತ್ತಲೇ ಇದ್ದರು. ಚಿತ್ರದಲ್ಲಿ ಇದು ತಿರುವುಮುರುವಾಗಿದೆ: ತಿಳಿಯದೆ ಕಾಯುವವನು ತಂದೆ.

ಹಾಗಿದ್ದೂ ‘ಪಿರವಿ’ ಮೊಕದ್ದಮೆಯ ಚಿತ್ರವಲ್ಲ. ಕೋರ್ಟು, ಶಿಬಿರ, ಹಿಂಸೆ ಯಾವುದನ್ನೂ ಶಾಜಿ ತೆರೆಗೆ ತರುವುದಿಲ್ಲ. ಶವ ಕಣ್ಣಿಗೆ ಬೀಳದೆ ದಹನವಿಲ್ಲ, ತಿಥಿಯಿಲ್ಲ; ಅಳುವುದಕ್ಕೂ ಒಂದು ದಿನ ಗೊತ್ತಾಗದ ಈ ಪುತ್ರಶೋಕವನ್ನು ಅವರು ಮಳೆ, ಹೊಳೆ, ದೋಣಿಯ ಹುಟ್ಟಿನ ಸದ್ದುಗಳ ನಡುವೆ ಇಟ್ಟು ತೋರಿಸುತ್ತಾರೆ. ಮಾತು ಕಡಿಮೆ. ಕಥೆಯೇ ಮುಂದೆ ಸಾಗುತ್ತಿಲ್ಲವೆಂದು ಬೇಸರಿಸುವ ನೋಡುಗನಿಗೂ ಕಾಯುವುದೆಂದರೇನೆಂಬುದು ಮೈಗೆ ತಿಳಿಯುತ್ತದೆ. ಛಾಯಾಗ್ರಹಣ ಸನ್ನಿ ಜೋಸೆಫ್ ಅವರದು. ಸಂಗೀತದಲ್ಲಿ ಮೋಹನ್ ಸಿತಾರ ಅವರೊಡನೆ ಅರವಿಂದನ್ ಕೂಡ ಕೈಜೋಡಿಸಿದ್ದಾರೆ.

ಚಾಕ್ಯಾರರ ಪಾತ್ರ ವಹಿಸಿದ ಪ್ರೇಂಜಿ (ಎಂ. ಪಿ. ಭಟ್ಟತಿರಿಪ್ಪಾಡ್, 1908–1998) ಕೇರಳದ ರಂಗಭೂಮಿಯ ಹಿರಿಯರು, ನಂಬೂದಿರಿ ಸಮಾಜದ ಸುಧಾರಣೆಗೆ ದುಡಿದು, ವಿಧವೆಯೊಬ್ಬರನ್ನು ಮದುವೆಯಾಗಿ ಮಾತಿನಂತೆ ನಡೆದವರು. ಎಂಬತ್ತರ ಹೊಸ್ತಿಲಲ್ಲಿದ್ದ ಅವರ ಬಾಗಿದ ಬೆನ್ನು, ಕೊಡೆ ಹಿಡಿದು ನಿಲ್ಲುವ ರೀತಿ ಅಭಿನಯವೆನಿಸುವುದೇ ಇಲ್ಲ. ಮಾಲತಿಯಾಗಿ ಅರ್ಚನಾ, ತಾಯಿಯಾಗಿ ಲಕ್ಷ್ಮಿ ಕೃಷ್ಣಮೂರ್ತಿ ನಟಿಸಿದ್ದಾರೆ. ಲಕ್ಷ್ಮಿಯವರು ಕನ್ನಡಿಗರಿಗೆ ‘ಸಂಸ್ಕಾರ’ (1970) ಚಿತ್ರದಿಂದ ಪರಿಚಿತರು.

1988ರ ಸಾಲಿನ ರಾಷ್ಟ್ರಪ್ರಶಸ್ತಿಗಳಲ್ಲಿ ಅತ್ಯುತ್ತಮ ಚಿತ್ರ, ನಿರ್ದೇಶನ, ನಟ, ಧ್ವನಿಗ್ರಹಣ ಇದರ ಪಾಲಾದವು. 1989ರ ಕಾನ್ ಚಿತ್ರೋತ್ಸವದಲ್ಲಿ ಚೊಚ್ಚಲ ಚಿತ್ರಗಳಿಗೆ ಮೀಸಲಾದ ಕ್ಯಾಮೆರಾ ದೋರ್ ಪ್ರಶಸ್ತಿಯ ವಿಶೇಷ ಮನ್ನಣೆ ದೊರೆಯಿತು. ಮಗನನ್ನು ಕಳೆದುಕೊಳ್ಳುವ ತಾಯಿಯ ಕಥೆಯಾದ ಶಾಜಿಯವರ ಮುಂದಿನ ಚಿತ್ರ ‘ಸ್ವಂ’ 1994ರಲ್ಲಿ ಕಾನ್‌ನ ಸ್ಪರ್ಧಾವಿಭಾಗಕ್ಕೇ ಹೋಯಿತು.