ತೆರೆದಿರುವ ಎಲ್ಲ ಕಡತಗಳಿಗೂ

ಕಳೆದ ಮಳೆಗಾಲದಲ್ಲಿ ನನ್ನ ಮಹಾಪ್ರಬಂಧದ ಅಧ್ಯಾಯಗಳನ್ನು ತಿದ್ದುತ್ತಿದ್ದೆ. ವರ್ಡ್‌ನಲ್ಲಿ ಏಳು ಕಡತಗಳು ತೆರೆದಿದ್ದವು. ಆರು ನನ್ನ ಬರಹ. ಏಳನೆಯದು ಹಳಗನ್ನಡ ಶಾಸನಗಳನ್ನು ಅಕ್ಷರಕ್ಕೆ ಅಕ್ಷರ ಟೈಪ್ ಮಾಡಿಕೊಂಡಿದ್ದ ಪಾಠ. ನನ್ನ ವಿವರಣೆಯಲ್ಲಿ ಅಲ್ಲಲ್ಲಿ ನುಸುಳಿದ್ದ ‘ೞ’ಕಾರವನ್ನು ‘ಳ’ ಮಾಡಬೇಕಿತ್ತು. ಒಂದೊಂದಾಗಿ ಬದಲಿಸಲು ಬೇಸರವಾಗಿ ಪುಟ್ಟ ಮ್ಯಾಕ್ರೋ ಬರೆದೆ: ತೆರೆದಿರುವ ಪ್ರತಿ ಕಡತದಲ್ಲೂ ಬದಲಿಸು, ಉಳಿಸು, ಮುಚ್ಚು. ಕ್ಷಣದಲ್ಲಿ ಕೆಲಸ ಮುಗಿಯಿತು, ಶಾಸನಪಾಠದಲ್ಲೂ.

ಹಳಗನ್ನಡದಲ್ಲಿ ‘ಬಾೞ್’ ಎಂದರೆ ಬದುಕು, ‘ಬಾಳ್’ ಎಂದರೆ ಕತ್ತಿ. ನನ್ನ ಕಡತದಲ್ಲಿ ಈಗ ಎರಡೂ ಒಂದೇ. ತಿರುಗಿಸಿ ಬದಲಿಸೋಣವೆಂದರೆ ಯಾವ ‘ಳ’ ಮೊದಲಿನಿಂದಲೂ ಇದ್ದದ್ದು, ಯಾವುದು ನಾನು ತಂದದ್ದು ಎಂದು ಹೇಳಲು ಯಂತ್ರಕ್ಕೆ ಗುರುತೇ ಉಳಿದಿರಲಿಲ್ಲ.

ಇಷ್ಟು ಬಲ ನನ್ನ ಕೈಗೆ ಬಂದದ್ದು ಹೇಗೆ? ಹಲವು ಆದೇಶಗಳನ್ನು ಒಂದೇ ಹೆಸರಿನಲ್ಲಿ ಕಟ್ಟಿಡುವುದೇ ಮ್ಯಾಕ್ರೋ. 1976ರಲ್ಲಿ ಅಮೆರಿಕದ ಎಂಐಟಿಯಲ್ಲಿ ಹುಟ್ಟಿದ ಈಮ್ಯಾಕ್ಸ್ ಎಂಬ ಬರಹ ತಂತ್ರಾಂಶದ ಹೆಸರಿನಲ್ಲೇ ಮ್ಯಾಕ್ರೋ ಅಡಗಿದೆ. ಬಳಸುವವರೇ ತಮಗೆ ಬೇಕಾದ ಆದೇಶಗಳನ್ನು ಬರೆದುಕೊಳ್ಳಬಹುದೆಂಬುದು ಅದರ ಹೆಮ್ಮೆ. 1989ರ ವಿಂಡೋಸ್ ವರ್ಡ್ ಜೊತೆಗೆ ವರ್ಡ್‌ಬೇಸಿಕ್ ಬಂತು. ಅದರ ಆದೇಶಗಳು ಬಹುಮಟ್ಟಿಗೆ ಕಣ್ಣೆದುರಿನ ಕಿಟಕಿಯ ಮೇಲೆ ನಡೆಯುತ್ತಿದ್ದವು. ವರ್ಡ್ 97ರಲ್ಲಿ ಅದರ ಜಾಗಕ್ಕೆ ವಿಬಿಎ ಬಂದಾಗ ತೆರೆದ ಕಡತಗಳೆಲ್ಲ ‘ಡಾಕ್ಯುಮೆಂಟ್ಸ್’ ಎಂಬ ಒಂದು ಪಟ್ಟಿಯಾದವು. ಎಣಿಸಬಹುದು, ಹೆಸರು ಹಿಡಿದು ಕರೆಯಬಹುದು, ಒಟ್ಟಿಗೆ ಮುಚ್ಚಬಹುದು. ‘ಆಕ್ಟಿವ್‌ಡಾಕ್ಯುಮೆಂಟ್’ ಎಂದರೆ ಎದುರಿಗಿರುವ ಒಂದು. ‘ಡಾಕ್ಯುಮೆಂಟ್ಸ್’ ಎಂದರೆ ತೆರೆದಿರುವ ಎಲ್ಲವೂ. ನಾನು ಎಡವಿದ್ದು ಈ ಎರಡು ಪದಗಳ ನಡುವೆ.

ಮ್ಯಾಕ್ರೋ ಕಡತದೊಳಗೇ ಕೂತು ಪ್ರಯಾಣ ಮಾಡಬಲ್ಲದು, ಕಡತ ತೆರೆದೊಡನೆ ತಾನಾಗಿ ಓಡಬಲ್ಲದು. ಈ ಸೌಕರ್ಯದಲ್ಲೇ ಅಪಾಯವೂ ಇತ್ತು. 1995ರಲ್ಲಿ ಕಾಣಿಸಿಕೊಂಡ ‘ಕಾನ್ಸೆಪ್ಟ್’ ವೈರಸ್ ವರ್ಡ್‌ನ ಮೂಲ ಟೆಂಪ್ಲೇಟಿಗೆ ಅಂಟಿಕೊಂಡು ಕಡತದಿಂದ ಕಡತಕ್ಕೆ ಹಬ್ಬಿತು. 1999ರ ಮಾರ್ಚ್ 26ರಂದು ಹೊರಬಿದ್ದ ‘ಮೆಲಿಸ್ಸಾ’, ಕಡತ ತೆರೆದವರ ವಿಳಾಸಪಟ್ಟಿಯ ಮೊದಲ 50 ಮಂದಿಗೆ ತನ್ನನ್ನೇ ಅಂಚೆ ಮಾಡಿಕೊಂಡಿತು. ಬರಹವೆಂದು ತೆರೆದದ್ದು ಆಜ್ಞೆಯಾಗಿತ್ತು. 2007ರ ಆವೃತ್ತಿಯಲ್ಲಿ ಎರಡನ್ನೂ ಬೇರೆ ಮಾಡಿದರು: ಡಾಕ್‌ಎಕ್ಸ್ ಕಡತದಲ್ಲಿ ಮ್ಯಾಕ್ರೋ ಇರದು, ಡಾಕ್‌ಎಂನಲ್ಲಿ ಇರಬಹುದು. 2022ರಿಂದ ಅಂತರ್ಜಾಲದಿಂದ ಇಳಿಸಿಕೊಂಡ ಕಡತಗಳ ಮ್ಯಾಕ್ರೋಗಳನ್ನು ಮೈಕ್ರೋಸಾಫ್ಟ್ ತಾನಾಗಿಯೇ ತಡೆಯತೊಡಗಿತು.

ಆದರೆ ಈ ತಡೆಗಳೆಲ್ಲ ಹೊರಗಿನ ಕಳ್ಳನಿಗೆ. ಒಳಗೆ ಕೂತು ಸದುದ್ದೇಶದಿಂದ ಆಜ್ಞೆ ಬರೆಯುವ ನನ್ನಂಥವರನ್ನು ತಡೆಯುವವರಿಲ್ಲ.

ಓಲೆಗರಿಯ ಲಿಪಿಕಾರನೂ ತಪ್ಪು ಮಾಡುತ್ತಿದ್ದ. ಆದರೆ ಒಬ್ಬ ಎಡವಿದ ಕಡೆ ಇನ್ನೊಬ್ಬ ಎಡವಿರುತ್ತಿರಲಿಲ್ಲ. ಆ ವ್ಯತ್ಯಾಸಗಳನ್ನೇ ನಾವು ಪಾಠಾಂತರ ಎನ್ನುತ್ತೇವೆ. ಪ್ರತಿಗಳನ್ನು ಹೋಲಿಸಿ ಮೂಲಕ್ಕೆ ಹತ್ತಿರ ಹೋಗುವ ಗ್ರಂಥಸಂಪಾದನೆ ನಿಂತಿರುವುದೇ ಅದರ ಮೇಲೆ. ಮ್ಯಾಕ್ರೋ ಎಲ್ಲ ಕಡೆಯೂ ಒಂದೇ ತಪ್ಪನ್ನು ಒಂದೇ ರೀತಿ ಮಾಡುತ್ತದೆ. ಹೋಲಿಸಲು ಏನೂ ಉಳಿಯದಿದ್ದಾಗ ತಪ್ಪೇ ಪಾಠವಾಗಿಬಿಡುತ್ತದೆ. ನಾನು ಗಮನಿಸದೆ ಹೋಗಿದ್ದರೆ ‘ಈ ಶಾಸನಗಳ ಕಾಲಕ್ಕೆ ೞಕಾರ ಮರೆಯಾಗಿತ್ತು’ ಎಂದು ಅಡಿಟಿಪ್ಪಣಿ ಬರೆದುಬಿಡುತ್ತಿದ್ದೆನೇನೋ!

ಅಚ್ಚಾದ ಸಂಪುಟಗಳನ್ನು ಮತ್ತೆ ಎದುರಿಗಿಟ್ಟುಕೊಂಡು ಇಡೀ ಪಾಠವನ್ನು ತಿದ್ದಲು ಮೂರು ವಾರ ಹಿಡಿಯಿತು. ಮ್ಯಾಕ್ರೋವನ್ನು ಅಳಿಸಲಿಲ್ಲ, ಎರಡು ಸಾಲು ಸೇರಿಸಿದೆ. ಈಗ ಅದು ಪ್ರತಿ ಕಡತದ ಹೆಸರು ತೋರಿಸಿ, ಇದರಲ್ಲೂ ಬದಲಿಸಲೇ ಎಂದು ಕೇಳಿ, ನನ್ನ ಉತ್ತರಕ್ಕೆ ಕಾಯುತ್ತದೆ. ಕೆಲಸ ತುಸು ನಿಧಾನ. ಆ ಹೊತ್ತಿನಲ್ಲಿ ಕಡತದ ಹೆಸರನ್ನು ಓದುತ್ತೇನೆ.