ಸೆರಗಿಗೆ ರೇಷ್ಮೆ

ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪು ಸುಲ್ತಾನ್ 1780ರ ದಶಕದಲ್ಲಿ ರೇಷ್ಮೆ ಹುಳು ತರಲು ಬಂಗಾಳಕ್ಕೆ ಜನರನ್ನು ಕಳುಹಿಸಿದ್ದ. ಅದೇ ತಾಲ್ಲೂಕಿನ ವಿಜಯಪುರದಲ್ಲಿ ರೇಷ್ಮೆಗೂಡಿನ ಮಾರುಕಟ್ಟೆಯೂ ಬೆಳೆಯಿತು. ಆದರೆ ಇಷ್ಟು ದುಬಾರಿ ನೂಲು ಸಾಮಾನ್ಯರ ಮೈಮೇಲೆ ಬಂದದ್ದು ಹೇಗೆ?

ಉತ್ತರ ಬೇಕಾದರೆ ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನತ್ತ ನೋಡಬೇಕು. ಅಲ್ಲಿನ ಕೈಮಗ್ಗದ ಸೀರೆಗೆ ಸಾಮಾನ್ಯವಾಗಿ ಒಡಲು ಹತ್ತಿ, ಸೆರಗು ಕೆಂಪು ರೇಷ್ಮೆ. ಎರಡರ ಹಾಸನ್ನೂ ಬೇರೆಬೇರೆ ಹೂಡಿ, ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ, ಹೊಲಿಗೆಯಲ್ಲ. ಹಾಗಾಗಿ ಪ್ರತಿ ಸೀರೆಗೂ ಹೊಸ ಹಾಸು! ವಿದ್ಯುತ್ ಮಗ್ಗದಲ್ಲಿ ಒಂದೇ ಉದ್ದ ಹಾಸಿನಿಂದ ಹಲವು ಸೀರೆ ನೇಯ್ದು ಇಳಕಲ್ ಎಂದೇ ಅಗ್ಗಕ್ಕೆ ಮಾರಿದರೆ, ಕೈಮಗ್ಗದವರಿಗೆ ದಕ್ಕುವುದೇನು?

ಅಜ್ಜಿಯ ಪೆಟ್ಟಿಗೆಯಲ್ಲಿ ಇಳಕಲ್ ಸೀರೆ ಸಿಕ್ಕರೆ ಸೆರಗು ಶುರುವಾಗುವಲ್ಲಿ ಬೆರಳಾಡಿಸಿ. ಕೊಂಡಿಗಳ ಸಾಲು ಕೈಗೆ ತಗಲುತ್ತದೆ.