ಗೋಡೆಗೆ ಬಾರದ ಹಲಗೆ: ಪುತ್ತೂರು ಸೀಮೆಯ ಮುಚ್ಚಿಗೆಯ ಬಗ್ಗೆ ಒಂದು ಟಿಪ್ಪಣಿ

ಒಂದರ ಅಂಚಿನ ಮೇಲೆ ಇನ್ನೊಂದು ಕೂರುವಂತೆ ಹಲಗೆ ಹೊಡೆದು ಹೊರಗೋಡೆ ಮುಚ್ಚುವುದು ಉತ್ತರ ಯುರೋಪು, ಅಮೆರಿಕಗಳ ರೂಢಿ. ಪುತ್ತೂರು, ಸುಳ್ಯ, ಕಡಬಗಳ ಹಳೆಯ ಮನೆಗಳದ್ದು ಬೇರೆ ದಾರಿ. ಮರಕ್ಕೆ ಬರವಿದ್ದ ಸೀಮೆಯೇನಲ್ಲ ಇದು. ಹಲಸು, ಹೆಬ್ಬಲಸು, ಬೋಗಿ, ತೇಗ ಎಲ್ಲವೂ ಇದ್ದವು. ಆದರೂ ಗೋಡೆ ಮಣ್ಣಿನದು, ಇಲ್ಲವೇ ಮುರಕಲ್ಲಿನದು. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ, ಮೇಲಾಗಿ ನೆಲದಿಂದೇರುವ ಗೆದ್ದಲು: ಇವೆರಡರ ನಡುವೆ ಹಲಗೆಯ ಗೋಡೆ ಬಾಳದು. ಹಾಗಾಗಿ ಮರ ಮಾಡಿನ ಆಸರೆಗೆ ಏರಿತು. ತೊಲೆ, ಪಕ್ಕಾಸು, ರೀಪು, ಕೋಣೆಯ ಮೇಲೆ ಹಲಗೆ ಹಾಸಿದ ಮುಚ್ಚಿಗೆ ಎಲ್ಲವೂ ಅಲ್ಲಿಯವು.

ಮುಚ್ಚಿಗೆಯ ಹಲಗೆಯಲ್ಲಿ ನೋಡಬೇಕಾದ್ದು ಅಂಚು. ಒಣಗುವಾಗ ಮರ ಉದ್ದಕ್ಕೆ ಕುಗ್ಗುವುದು ಸಾವಿರಕ್ಕೆ ಒಂದೆರಡು ಪಾಲು ಮಾತ್ರ. ಅಗಲಕ್ಕೆ ಅದರ ಎಷ್ಟೋ ಪಟ್ಟು. ಅಂಚಿಗೆ ಅಂಚು ತಾಗಿಸಿ ಹೊಡೆದರೆ ಬೇಸಗೆಯಲ್ಲಿ ಸಂದು ಬಿಟ್ಟು, ಮೇಲೆ ಹಾಸಿದ ಮಣ್ಣು ಊಟದ ಎಲೆಗೇ ಉದುರೀತು. ದಪ್ಪದ ಅರ್ಧವನ್ನು ಕೊರೆದು, ಒಂದರ ತುಟಿಯ ಮೇಲೆ ಇನ್ನೊಂದನ್ನು ಕೂರಿಸಿದರೆ ಹಲಗೆ ಹಿಗ್ಗಿದರೂ ಕುಗ್ಗಿದರೂ ಬೆಳಕು ಕಾಣದು. ಪೇಟೆಯ ಹಳೆಯ ಅಂಗಡಿಗಳ ಹಲಗೆ ಬಾಗಿಲಿಗೂ ಇದೇ ಉಪಾಯ ಒದಗುತ್ತದೆ. ಅಲ್ಲಿ ಹಲಗೆಗಳಿಗೆ ಅಂಕಿ ಹಾಕಿರುತ್ತಾರೆ. ಸರದಿ ತಪ್ಪಿದರೆ ಕೊನೆಯದು ಕೂರುವುದೇ ಇಲ್ಲ.

ಈ ಮರಗೆಲಸದ ನೆನಪನ್ನು ಕರಾವಳಿಯ ಕಲ್ಲುಕುಟಿಗರೂ ಉಳಿಸಿಕೊಂಡರು. ಭಟ್ಕಳದ ಖೇತಪೈ ನಾರಾಯಣ ದೇವಾಲಯದ ಮಾಡು ಇಳಿಜಾರಾದ ಕಲ್ಲುಚಪ್ಪಡಿಗಳದು. ಗೋಡೆಯಲ್ಲಿ ಮರದ ದಳಿಯನ್ನು ಹೋಲುವ ಕಲ್ಲಿನ ಪಟ್ಟಿಗಳಿವೆ. ಮೂಡುಬಿದಿರೆಯ ಸಾವಿರ ಕಂಬದ ಬಸದಿಯಲ್ಲಂತೂ (1430) ಕೆಳಗೆ ಕಲ್ಲು, ಮೇಲಿನ ಅಂತಸ್ತಿಗೆ ಮರ.

ಈಗ ಹೊಸ ಮನೆಗಳ ಚಾವಡಿಯಲ್ಲಿ ಅಲಂಕಾರಕ್ಕೆಂದು ಗೋಡೆಗೇ ಹಲಗೆ ಹೊದಿಸುವುದು ಬಂದಿದೆ. ತಪ್ಪೇನಿಲ್ಲ, ಆದರೆ ರೀಪು ಕೊಟ್ಟು ಹಿಂದೆ ಗಾಳಿಯಾಡಲು ಬಿಡದೆ ನೇರ ಗೋಡೆಗೆ ಅಂಟಿಸಿದರೆ ಅದು ಗೆದ್ದಲಿಗೆ ಕಟ್ಟಿಕೊಟ್ಟ ಮನೆ.

ಹಳೆಯ ಮನೆ ಕೆಡವಿ ಮೋಪು ಮಾರುವವರಲ್ಲಿ ಒಂದು ವಿನಂತಿ: ಮುಚ್ಚಿಗೆ ಕೀಳುವ ಮೊದಲು ಹಲಗೆಯ ಅಗಲ, ದಪ್ಪ, ಮರದ ಜಾತಿ, ಅಂಚಿನ ಕೊರೆತ ಇಷ್ಟನ್ನು ಬರೆದಿಟ್ಟು, ಅಂಚಿನದೊಂದು ಫೋಟೋ ತೆಗೆದಿಡಿ.